ಮೂರು ಪಟ್ಟೆ, ಒಂದು ಬೊಟ್ಟು

ಅಕ್ಟೋಬರ್ 13, 1994, ಗುರುವಾರ. ರಾಕ್‌ವಿಲ್

ಹಬ್ಬದ ದಿನ ಹೆಂಡತಿಯ ಮೇಲೆ ಇನ್ನಷ್ಟು ಕೂಗಾಡಬಾರದೆಂದು ಈ ಡೈರಿಯ ಮುಂದೆ ಬಂದು ಕೂತಿದ್ದೇನೆ.

ಇವತ್ತು ಆಯುಧಪೂಜೆ. ಬೆಳಗ್ಗೆ ಸರೋಜಿನಿ ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು ನನ್ನನ್ನು ಲ್ಯಾಬಿಗೆ ಕಳಿಸಿದಳು. ಅಷ್ಟಕ್ಕೆ ಮುಗಿಯಿತೆಂದುಕೊಂಡಿದ್ದೆ. ಸಂಜೆ ಬಂದರೆ ಮನೆಯಲ್ಲಿ ಬೊಟ್ಟಿಲ್ಲದ ವಸ್ತುವೇ ಇಲ್ಲ. ಮಿಕ್ಸಿ, ಹೊಲಿಗೆ ಯಂತ್ರ, ವ್ಯಾಕ್ಯೂಮ್ ಕ್ಲೀನರ್, ಹಿಮ ಎತ್ತುವ ಸಲಿಕೆ ಎಲ್ಲವೂ ಮುತ್ತೈದೆಯರಾಗಿದ್ದವು. ನಗುತ್ತಲೇ ಬೇಸ್‌ಮೆಂಟಿಗೆ ಇಳಿದವನು ಕೊನೆಯ ಮೆಟ್ಟಿಲಲ್ಲೇ ನಿಂತುಬಿಟ್ಟೆ. ಗೋಡೆಯ ಮೇಲಿನ ನನ್ನ ಎರಡು ಬಂದೂಕುಗಳಲ್ಲಿ ಮೇಲಿನದರ ಮರದ ಹಿಡಿಗೆ ಮೂರು ಬೆರಳಿನಲ್ಲಿ ಎಳೆದ ಮೂರು ಕೆಂಪು ಪಟ್ಟೆ, ಕೆಳಗೊಂದು ಬೊಟ್ಟು.

ಅದು ಹೋದ ತಿಂಗಳು ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್‌ನಿಂದ ತಂದ ಸ್ಪ್ರಿಂಗ್‌ಫೀಲ್ಡ್. ಹಿಂಭಾಗದ ಮುಚ್ಚಳ ಎತ್ತಿ ಒಂದು ಸಲಕ್ಕೆ ಒಂದೇ ಗುಂಡು ಹಾಕುವ, ಅಮೆರಿಕದ ಸೈನ್ಯ ನೂರು ವರ್ಷದ ಹಿಂದೆಯೇ ಮೂಲೆಗೆ ಹಾಕಿದ ಮಾದರಿ. ಅಷ್ಟು ವರ್ಷ ಯಾರೂ ಉಜ್ಜದ, ಎಣ್ಣೆ ಹಚ್ಚದ ಮರ. ನಂಜನಗೂಡಿನಿಂದ ಅವಳ ಅಕ್ಕ ಕಳಿಸಿದ, ಅರಿಶಿನಕ್ಕೆ ಸುಣ್ಣ ಸೇರಿಸಿ ಮನೆಯಲ್ಲೇ ಮಾಡಿದ ಕುಂಕುಮವನ್ನು ನೀರಲ್ಲಿ ಕಲಸಿ ಹಚ್ಚಿದ್ದಾಳೆ. ಒಣಮರ ಅದನ್ನು ಕುಡಿದುಬಿಟ್ಟಿದೆ.

"ಎಲ್ಲಾ ಬಿಟ್ಟು ಇದಕ್ಕೇ ಯಾಕೆ ಹಚ್ಚಿದೆ?" ಎಂದು ಕೂಗಿದೆ.

"ಹೊಸದಾಗಿ ಬಂದಿದ್ದಕ್ಕೆ ತಾನೇ ಮೊದಲು ಮಾಡೋದು? ಸ್ಟೂಲ್ ಹಾಕ್ಕೊಂಡು ಹತ್ತಿ ಹಚ್ಚಿದೀನಿ, ಕಾಲು ಬೇರೆ ಉಳುಕ್ತು," ಅಂದಳು.

ಹಳೆಯ ಬಂದೂಕು ಕೂಡಿಡುವವರಿಗೆ ಒಂದೇ ನೇಮ: ಕಾಲ ಬಿಟ್ಟುಹೋದದ್ದನ್ನು ಮುಟ್ಟಬಾರದು. ಉಜ್ಜಿ ಹೊಳಪಿಸುವವರನ್ನೂ, ಇಲ್ಲದ ಗುರುತು ಹುಟ್ಟಿಸುವವರನ್ನೂ ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಅಂಥವರನ್ನು ನಮ್ಮ ಸಂಗ್ರಾಹಕರ ಕ್ಲಬ್ಬಿನ ಬಾಗಿಲೊಳಗೆ ಬಿಡಬಾರದು.

ಅಕ್ಟೋಬರ್ 16, ಭಾನುವಾರ

ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಮೇಲಿನ ಪುಡಿ ಬಂತು, ಬಣ್ಣ ಬರಲಿಲ್ಲ. ಕೆಂಪು ಹೋಗಿ ಕಂದು ಬಣ್ಣಕ್ಕೆ ತಿರುಗಿದೆ. ಇಪ್ಪತ್ತು ವರ್ಷದಿಂದ ಗೈದರ್ಸ್‌ಬರ್ಗ್‌ನಲ್ಲಿ ಬಣ್ಣ, ಲೇಪನಗಳ ಪರೀಕ್ಷೆ ಮಾಡುತ್ತಿರುವ ಕೆಮಿಸ್ಟ್ ನಾನು. ಸ್ವಂತ ಮನೆಯ ಕುಂಕುಮ ತೆಗೆಯಲು ಬರುತ್ತಿಲ್ಲ.

ಸರೋಜಿನಿ ಕಾಫಿ ತಂದಿಟ್ಟು, "ಸಾರಿ ಕಣ್ರೀ. ನಂಗೇನ್ ಗೊತ್ತು, ಸ್ಟೇನ್ ಆಗುತ್ತೆ ಅಂತ," ಅಂದಳು. ಪಾಪ ಅನ್ನಿಸಿತು. ಅವಳ ಕೆಲಸ ಕೌಂಟಿ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ. ಬರುವ ಮಕ್ಕಳ ಹೆಸರೆಲ್ಲ ಬಾಯಲ್ಲೇ ಇರುತ್ತದೆ. ಬಂದೂಕಿನ ವಿಷಯ ಅವಳಿಗೆ ಯಾಕೆ ಗೊತ್ತಿರಬೇಕು?

ನವೆಂಬರ್ 12, ಶನಿವಾರ

ವಾಲ್ಟರ್ ಪ್ರುಯಿಟ್ ಬಂದಿದ್ದ. ಫ್ರೆಡೆರಿಕ್ ಊರಿನಲ್ಲಿರುವ ನಮ್ಮ ಕ್ಲಬ್ಬಿನ ಅಧ್ಯಕ್ಷ, ರಿಟೈರಾದ ಇತಿಹಾಸದ ಮೇಷ್ಟ್ರು, ಎಪ್ಪತ್ನಾಲ್ಕು ವಯಸ್ಸು. ಕ್ಲಬ್ಬಿನಲ್ಲಿ ನನ್ನನ್ನು ಮನುಷ್ಯನೆಂದು ಮಾತಾಡಿಸುವವನು ಅವನೊಬ್ಬನೇ; ನನ್ನ ಡಾಕ್ಟರೇಟಿನ ಗೌರವಕ್ಕೆ 'ಡಾಕ್' ಎಂದೇ ಕರೆಯುತ್ತಾನೆ. ಹೊಸ ಬಂದೂಕು ನೋಡಬೇಕೆಂದು ಹಟ ಹಿಡಿದ. ಕಲೆ ತೋರಿಸಲು ನಾಚಿಕೆಯಾಗಿ ಗೋಡೆಯ ಕಡೆ ತಿರುಗಿಸಿಟ್ಟಿದ್ದೆ. ಅವನೇ ತೆಗೆದು ತಿರುಗಿಸಿದ.

ತಿರುಗಿಸಿದವನು ಮೆಟ್ಟಿಲ ಮೇಲೆ ಕುಸಿದು ಕುಳಿತ. ಕಣ್ಣಲ್ಲಿ ನೀರು.

ಅವನ ತಾತ 1899ರಲ್ಲಿ ಫಿಲಿಪೈನ್ಸ್ ಯುದ್ಧಕ್ಕೆ ಹೋಗಿದ್ದ ಸ್ವಯಂಸೇವಕ; ಸೈನ್ಯ ಮೂಲೆಗೆ ಹಾಕಿದ ಈ ಮಾದರಿಯನ್ನೇ ಅಂಥವರ ಕೈಗೆ ಕೊಟ್ಟಿದ್ದರು. ಸತ್ತ ಗೆಳೆಯನ ರಕ್ತದಲ್ಲಿ ಮೂರು ಬೆರಳು ಅದ್ದಿ ತನ್ನ ಪಡೆಯವರು ಬಂದೂಕಿಗೆ ಎಳೆದುಕೊಳ್ಳುತ್ತಿದ್ದರೆಂದು ಮೊಮ್ಮಗನಿಗೆ ಹೇಳಿದ್ದನಂತೆ. ವಾಲ್ಟರ್ ನಲವತ್ತು ವರ್ಷದಿಂದ ಅಂಥ ಒಂದು ಬಂದೂಕು ಹುಡುಕುತ್ತಿದ್ದಾನೆ. ಕ್ಲಬ್ಬಿನಲ್ಲಿ ಇದು ದೊಡ್ಡ ತಮಾಷೆ, ಮುದುಕನ ಅಜ್ಜಿಕಥೆ ಎಂದು ಬೆನ್ನ ಹಿಂದೆ ನಗುತ್ತಾರೆ.

"ಡಾಕ್, ಇದು ಏನು ಅಂತ ಗೊತ್ತಾ ನಿನಗೆ?" ಎಂದು ಕೇಳಿದ.

ಗೊತ್ತಿತ್ತು. ಹೇಳುವ ಬದಲು ಅವನಿಗೆ ಒಂದು ಲೋಟ ನೀರು ತಂದುಕೊಟ್ಟೆ. ಅಷ್ಟು ಸಂತೋಷದ ಮುಖಕ್ಕೆ ತಣ್ಣೀರು ಎರಚುವುದು ಹೇಗೆ? ನಾಳೆ ಫೋನಿನಲ್ಲಿ ಹೇಳುತ್ತೇನೆ. ಫೋನಿನಲ್ಲಿ ಸುಲಭ.

ನವೆಂಬರ್ 14, ಸೋಮವಾರ

ಹೇಳಲಿಲ್ಲ. ನಾನು ಫೋನ್ ಮಾಡುವ ಹೊತ್ತಿಗೆ ಅವನು ಅರ್ಧ ಕ್ಲಬ್ಬಿಗೆ ಸುದ್ದಿ ಮುಟ್ಟಿಸಿ ಆಗಿತ್ತು. ಜೂನ್ ತಿಂಗಳ ವಾರ್ಷಿಕ ಸಭೆಯಲ್ಲಿ ಇದರ ಮೇಲೆ ಮಾತಾಡುತ್ತಾನಂತೆ, ನಾಲ್ಕು ರಾಜ್ಯಗಳ ಸಂಗ್ರಾಹಕರ ಎದುರು. "ಇನ್ನು ಯಾರು ನಗುತ್ತಾರೋ ನಗಲಿ," ಅಂದ.

ಸಭೆಯ ಮುಂಚೆ ಹೇಳಲೇಬೇಕು. ಇಲ್ಲದಿದ್ದರೆ ಯಾವಾಗಲಾದರೂ ಯಾರೋ ಒಬ್ಬರು ಕಂಡುಹಿಡಿಯುತ್ತಾರೆ. ಆಮೇಲೆ ಆ ಮನುಷ್ಯ ತಲೆ ಎತ್ತಿ ಓಡಾಡುವ ಹಾಗಿಲ್ಲ. ಜೂನ್ ದೂರ ಇದೆ.

ಜನವರಿ 21, 1995, ಶನಿವಾರ

ಕ್ಲಬ್ಬಿನ ತಿಂಗಳ ಸಭೆ. ನಾನು ಸೇರಿ ಮೂರು ವರ್ಷ, ನನ್ನ ಪಕ್ಕದ ಕುರ್ಚಿ ಯಾವತ್ತೂ ಖಾಲಿ. ಇವತ್ತು ಎರಡೂ ಕಡೆ ಜನ. ಒಬ್ಬ ನನ್ನ ಹೆಸರನ್ನು ಪೂರ್ತಿಯಾಗಿ, ಕೇ-ಶ-ವ-ಮೂರ್ತಿ ಎಂದು ಕಲಿತು ಹೇಳಿದ. ಖುಷಿಯಾಯಿತು. ಸುಳ್ಳೇಕೆ ಹೇಳಲಿ, ತುಂಬಾ ಖುಷಿಯಾಯಿತು.

ಡೇಲ್ ಎನ್ನುವವನು ಮಾತ್ರ ಬಂದೂಕನ್ನು ಬೆಳಕಿಗೆ ಹಿಡಿದು, "ನನಗೆ ಬಣ್ಣದ ಹಾಗೆ ಕಾಣುತ್ತೆ. ಪರೀಕ್ಷೆ ಮಾಡಿಸಿ," ಅಂದ. ವಾಲ್ಟರ್ ಎದ್ದು ನಿಂತು, "ಮಾಡಿಸೋದೇನು, ನಮ್ಮಲ್ಲೇ ಕೆಮಿಸ್ಟ್ ಇದ್ದಾನೆ. ಡಾಕ್ ಏನು ಹೇಳಿದರೂ ನನಗೆ ಒಪ್ಪಿಗೆ," ಎಂದ.

ಎಲ್ಲರೂ ನನ್ನನ್ನೇ ನೋಡಿದರು. ಆಗಲಿ ಎಂದೆ.

ಒಂದು ರೀತಿಯಲ್ಲಿ ಇದು ಒಳ್ಳೆಯದೇ. ಪರೀಕ್ಷೆಯ ಹೆಸರಲ್ಲಿ ನಿಜ ಹೇಳಿಬಿಡಬಹುದು. ಯಾರ ಮುಖವೂ ಮುರಿಯುವುದಿಲ್ಲ.

ಫೆಬ್ರವರಿ 9, ಗುರುವಾರ

ಪರೀಕ್ಷೆ ಮಾಡಿದೆ. ಅರಿಶಿನ ಸಿಕ್ಕಿತು, ಸಿಗದೆ ಏನು? ಕಬ್ಬಿಣದ ಅಂಶವೂ ಸಿಕ್ಕಿತು. ನೂರು ವರ್ಷದ ನಳಿಗೆಯ ತುಕ್ಕು ಮರಕ್ಕೆ ಇಳಿಯದೆ ಇರುತ್ತದೆಯೇ? ರಕ್ತದಲ್ಲೂ ಕಬ್ಬಿಣ ಇರುತ್ತದೆ.

ವಾಲ್ಟರ್‌ಗೆ ಹೇಳಿದೆ: "ಕಬ್ಬಿಣ ಇದೆ. ಸಸ್ಯವೋ ಪ್ರಾಣಿಯದೋ ಏನೋ ಒಂದು ಜೈವಿಕ ವಸ್ತುವಿದೆ. ಈಗಿನ ಪೇಂಟ್ ಅಲ್ಲವೇ ಅಲ್ಲ."

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವನು ಏನು ಅರ್ಥ ಮಾಡಿಕೊಂಡನೋ ಅದು ಅವನಿಗೆ ಬಿಟ್ಟದ್ದು. ಫೋನಿನ ಆ ಕಡೆ ಮೂಗು ಒರೆಸಿಕೊಂಡ ಸದ್ದು.

ಏಪ್ರಿಲ್ 23, ಭಾನುವಾರ

ಮಾರ್ಚಿನಿಂದ ಬಂದೂಕು ಕ್ಲಬ್ಬಿನ ಗಾಜಿನ ಕಪಾಟಿನಲ್ಲಿತ್ತು, ಟ್ಯೂಬ್‌ಲೈಟಿನ ಕೆಳಗೆ. ನಿನ್ನೆ ನೋಡಿದರೆ ಗುರುತು ಮಾಸುತ್ತಿದೆ. ಬೊಟ್ಟಂತೂ ಹುಡುಕಿದರೆ ಕಾಣುವಷ್ಟು. ಅರಿಶಿನಕ್ಕೆ ಬೆಳಕು ಆಗುವುದಿಲ್ಲ, ನನಗೆ ಇದು ಮೊದಲೇ ಹೊಳೆಯಬೇಕಿತ್ತು. ರಕ್ತವಾಗಿದ್ದರೆ ಹೀಗೆ ಮಾಸುತ್ತಿರಲಿಲ್ಲ, ಡೇಲ್‌ನಂಥವನಿಗೆ ಅಷ್ಟು ಸಾಕು. ಸಭೆಗೆ ಮುಂಚೆ ಸಿದ್ಧಪಡಿಸಬೇಕೆಂದು ಹೇಳಿ ಮನೆಗೆ ತಂದು, ಬೆಳಕು ತಾಗದಿರಲೆಂದು ಗೋಡೆಯ ಮೇಲಿದ್ದ ಇನ್ನೊಂದರ ಜೊತೆ ಬೇಸ್‌ಮೆಂಟಿನ ಬೀಗದ ಕಪಾಟಿನಲ್ಲಿಟ್ಟೆ.

ಸರೋಜಿನಿಯ ಹತ್ತಿರ ನಂಜನಗೂಡಿನ ಕುಂಕುಮ ಕೇಳಿದೆ. "ಅಬ್ಬಾ, ಇವತ್ತು ಯಾವ ಕಡೆ ಸೂರ್ಯ ಹುಟ್ಟಿದ? ನೀವು ಕುಂಕುಮ ಕೇಳೋದಾ!" ಎಂದು ನಕ್ಕು ಭರಣಿಯನ್ನೇ ಕೊಟ್ಟಳು. ಚಹಾದ ಡಿಕಾಕ್ಷನ್‌ನಲ್ಲಿ ಕದಡಿ, ಸಣ್ಣ ಕುಂಚದಲ್ಲಿ, ಇದ್ದ ಗೆರೆಯ ಮೇಲೆಯೇ ಎಳೆದೆ. ಗೆರೆ ಮೀರಿಲ್ಲ. ಮ್ಯೂಸಿಯಮ್ಮುಗಳಲ್ಲಿ ಹಳೆಯ ಚಿತ್ರಗಳಿಗೆ ಮಾಡುವುದೂ ಇದನ್ನೇ. ಇರುವ ಗುರುತನ್ನು ಉಳಿಸುವುದಕ್ಕೂ ಇಲ್ಲದ್ದನ್ನು ಹುಟ್ಟಿಸುವುದಕ್ಕೂ ಅಜಗಜಾಂತರ.

ಮೇ 20, ಶನಿವಾರ

ವಾಲ್ಟರ್ ಊಟಕ್ಕೆ ಬಂದಿದ್ದ. ಬೇಡವೆಂದರೂ ಸರೋಜಿನಿಯೇ ಕರೆದಿದ್ದಳು, "ನಿಮ್ಮ ಒಬ್ಬ ಫ್ರೆಂಡ್‌ನಾದ್ರೂ ಮನೆಗೆ ಕರೀಬಾರ್ದಾ" ಎಂದು. ಬಿಸಿಬೇಳೆಭಾತ್ ಎರಡು ಸಲ ಹಾಕಿಸಿಕೊಂಡು, ಬೆವರು ಒರೆಸಿಕೊಳ್ಳುತ್ತಾ ಉಂಡ. ಆಮೇಲೆ ಕಾರಿನಿಂದ ಸಭೆಗೆಂದು ಮಾಡಿಸಿದ ಫೋಟೋ ತಂದ. ರಟ್ಟಿಗೆ ಅಂಟಿಸಿದ್ದು, ಬಂದೂಕಿನ ನಿಜವಾದ ಅಳತೆಗೇ ತೊಳೆಸಿದ್ದು.

ಸರೋಜಿನಿ ತಟ್ಟೆ ಎತ್ತುತ್ತಿದ್ದವಳು ಬಗ್ಗಿ ನೋಡಿದಳು.

"ಅರೆ, ವಾಲ್ಟರ್, ಇದು ನಾನು ಹಚ್ಚಿದ್ದು!" ಅಂದಳು ಇಂಗ್ಲಿಷ್‌ನಲ್ಲಿ, ನಗುತ್ತಾ. "ಹೋದ ಅಕ್ಟೋಬರ್. ನಮ್ಮ ಪೂಜೆ ಇತ್ತು. ನೋಡಿ," ಎಂದು ಕೈ ಒರೆಸಿಕೊಂಡು ಮೂರು ಬೆರಳನ್ನು ಫೋಟೋದ ಪಟ್ಟೆಗಳ ಮೇಲಿಟ್ಟಳು. ಹೇಳಿ ಮಾಡಿಸಿದ ಹಾಗೆ ಕೂತವು.

ವಾಲ್ಟರ್ ಕೂಡ ನಕ್ಕ. ನಗು ಮುಖದಲ್ಲಿ ಅರ್ಧಕ್ಕೇ ನಿಂತಿತು. ನನ್ನ ಕಡೆ ತಿರುಗಿದ. "ಡಾಕ್?"

ಅದೊಂದೇ ಮಾತು. ನಾನು ಹೂಂ ಅಂದಿದ್ದರೆ ಅವನ ಪ್ರಾಣ ಅಲ್ಲೇ ಹೋಗುತ್ತಿತ್ತು ಅನ್ನಿಸಿತು. ಮುದುಕನ ನಲವತ್ತು ವರ್ಷ ನನ್ನ ಊಟದ ಮೇಜಿನ ಮೇಲೆ ಬಿದ್ದಿತ್ತು.

"ಅದು ಬೇರೆ ಬಂದೂಕು, ಸರೋಜಾ," ಎಂದೆ, ಅವನಿಗೂ ತಿಳಿಯಲಿ ಎಂದು ಇಂಗ್ಲಿಷ್‌ನಲ್ಲೇ. "ನೀನು ಹಚ್ಚಿದ್ದು ಕೆಳಗಿನದಕ್ಕೆ. ಇವಳಿಗೆ ಎರಡೂ ಒಂದೇ ಥರ ಕಾಣುತ್ತೆ, ವಾಲ್ಟರ್."

ವಾಲ್ಟರ್ ಹಿಡಿದಿದ್ದ ಉಸಿರು ಬಿಟ್ಟು ಅವಳ ಕೈ ತಟ್ಟಿದ. ಸರೋಜಿನಿ ಬೆರಳು ತೆಗೆಯಲಿಲ್ಲ. ನನ್ನನ್ನು ನೋಡುತ್ತಲೇ ಇದ್ದಳು.

ಅವನು ಹೋದಮೇಲೆ ಕೇಳಿದಳು: "ಯಾಕ್ರೀ ಹಾಗಂದ್ರಿ? ಅವತ್ತು ಹೊಸದಕ್ಕೆ ಹಚ್ಚಿದೆ ಅಂತ ಕೂಗಾಡಿದ್ದು ನೀವೇ ಅಲ್ವಾ?"

"ಕೂಗಾಡಿದ್ದು ನಿಜ. ಹಚ್ಚಿದ್ದು ಕೆಳಗಿನದಕ್ಕೆ."

"ಹಾಗಾದ್ರೆ ತೋರಿಸಿ, ಈಗ್ಲೇ."

"ಕಪಾಟಿನ ಕೀ ಲ್ಯಾಬಲ್ಲಿದೆ. ಮುಂದಿನ ಶನಿವಾರ ತೋರಿಸ್ತೀನಿ."

ಕೀ ನನ್ನ ಜೇಬಿನಲ್ಲೇ ಇತ್ತು.

ಮೇ 21, ಭಾನುವಾರ

ಸರೋಜಿನಿ ಲ್ಯಾನ್‌ಹ್ಯಾಮ್ ದೇವಸ್ಥಾನಕ್ಕೆ ಹೋಗಿದ್ದಾಳೆ, ಬರುವುದು ಮಧ್ಯಾಹ್ನ. ಕೆಳಗಿನ ಬಂದೂಕನ್ನು ತೆಗೆದೆ. ವರ್ಜೀನಿಯಾದಲ್ಲಿ ಸಿಕ್ಕಿದ್ದು, ನನ್ನ ಮೊಟ್ಟಮೊದಲನೆಯದು. ಮರ ಇನ್ನೂ ಒಣ, ಬೇಗ ಹೀರುತ್ತದೆ. ನನ್ನ ಬೆರಳು ದಪ್ಪ. ವಾಲ್ಟರ್ ಇಲ್ಲೇ ಬಿಟ್ಟುಹೋದ ಫೋಟೋ ಇಟ್ಟು ಅಳೆದು, ಸ್ಪಾಂಜನ್ನು ಅವಳ ಬೆರಳಿನ ಅಗಲಕ್ಕೆ ಕತ್ತರಿಸಿದೆ. ಮೂರು ಪಟ್ಟೆ, ಒಂದು ಬೊಟ್ಟು. ಹೇರ್ ಡ್ರೈಯರ್‌ನಲ್ಲಿ ಒಣಗಿಸಿ, ಒರೆಸಿ, ಮತ್ತೆ ಹಚ್ಚಿ, ಮತ್ತೆ ಒರೆಸಿದೆ.

ಕೆಲಸ ಅಚ್ಚುಕಟ್ಟಾಗಿ ಬಂತು.

ಮೇ 27, ಶನಿವಾರ

ತೋರಿಸಿದೆ. ಬಂದೂಕನ್ನು ಕಿಟಕಿಯ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು. ಬೆರಳಿಟ್ಟು ನೋಡಿದಳು. ಕೂತವು.

"ಹೌದಲ್ರೀ," ಅಂದಳು. ಆಮೇಲೆ, "ಆದ್ರೆ ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಸ್ಟೂಲ್ ಹಾಕ್ಕೊಂಡು ಹತ್ತಿದ್ದೆ. ಕಾಲು ಉಳುಕಿತ್ತು. ಕೆಳಗಿನದಕ್ಕಾದ್ರೆ ಸ್ಟೂಲ್ ಯಾಕೆ ಬೇಕಿತ್ತು?"

"ಬೇರೆ ಯಾವುದಕ್ಕೋ ಹತ್ತಿರ್ತೀಯ. ಐವತ್ತು ದಾಟಿದ ಮೇಲೆ ಹೀಗೆಲ್ಲ ಆಗುತ್ತೆ, ಒಂದರದ್ದು ಇನ್ನೊಂದಕ್ಕೆ ಸೇರಿಕೊಳ್ಳುತ್ತೆ."

"ಲೈಬ್ರರಿಲಿ ಒಂದು ಮಗೂನೂ ಮರೆತಿಲ್ಲ ನಾನು."

ನಾನು ಬಂದೂಕನ್ನು ಕಪಾಟಿಗಿಟ್ಟು ಬೀಗ ಹಾಕಿದೆ. ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಮೇಲೆ ಹೋದಳು. ಗೆದ್ದೆ ಎನ್ನುವಂಥದ್ದೇನೂ ಅನ್ನಿಸಲಿಲ್ಲ. ಜೂನ್ ಕಳೆದರೆ ಎಲ್ಲ ಸರಿಹೋಗುತ್ತದೆ.

ಜೂನ್ 10, ಶನಿವಾರ

ಫ್ರೆಡೆರಿಕ್‌ನ ಹಾಲ್ ತುಂಬಿ ಜನ ಹಿಂದೆ ನಿಂತಿದ್ದರು. ಅಟ್ಲಾಂಟಾದಿಂದ ಹಿಂದಿನ ದಿನವೇ ಹೊರಟು ಡ್ರೈವ್ ಮಾಡಿಕೊಂಡು ಬಂದವರಿದ್ದರು. ವಾಲ್ಟರ್ ಹಳೆಯ ಸೂಟು ಹಾಕಿ, ತಾತನ ಕಥೆಯಿಂದ ಶುರುಮಾಡಿ, ಫೋಟೋ ತೋರಿಸಿ, ಕೊನೆಗೆ ಬಂದೂಕನ್ನೇ ಎರಡೂ ಕೈಯಲ್ಲಿ ಎತ್ತಿ ಹಿಡಿದ. ಡೇಲ್ ಎದ್ದು, "ಪರೀಕ್ಷೆ ಮಾಡಿದವರೇ ಬಾಯಿಬಿಟ್ಟು ಹೇಳಲಿ. ಇದು ರಕ್ತವೋ ಅಲ್ಲವೋ?" ಎಂದ.

ಮೈಕು ನನ್ನ ಕೈಗೆ ಬಂತು. ನಡುಗುತ್ತೇನೆಂದುಕೊಂಡಿದ್ದೆ, ನಡುಗಲಿಲ್ಲ.

"ರಕ್ತ," ಎಂದೆ.

ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೇಲ್ ಕೂಡ ಬಂದು ಕೈ ಕುಲುಕಿದ. ವಾಲ್ಟರ್ ನನ್ನನ್ನು ತಬ್ಬಿಕೊಂಡು ಅತ್ತ. ಈ ದೇಶಕ್ಕೆ ಬಂದಮೇಲೆ ನನ್ನನ್ನು ಯಾರೂ ಹಾಗೆ ತಬ್ಬಿಕೊಂಡಿರಲಿಲ್ಲ. ನನಗೂ ಅಳು ಬಂತು.

ಹೊರಗೆ ಪಾರ್ಕಿಂಗ್ ಲಾಟಿನಲ್ಲಿ ಮೆಲ್ಲಗೆ ಕೇಳಿದ: "ಸರೋಜಿನಿ ಬರಲಿಲ್ಲವಾ? ತಪ್ಪು ತಿಳೀಬೇಡ, ಡಾಕ್. ಅವಳ ಮೇಲೆ ಒಂದು ಕಣ್ಣಿಡು. ನನ್ನ ಹೆಂಡತಿ ಹೆಲೆನ್‌ಗೂ ಮರೆವಿನ ಕಾಯಿಲೆ ಹೀಗೇ ಶುರುವಾಗಿದ್ದು. ಆಗದ್ದನ್ನು ಆಯಿತು ಅಂತ ಅಷ್ಟೇ ಖಚಿತವಾಗಿ ಹೇಳುತ್ತಿದ್ದಳು."

"ಹೌದು, ಇತ್ತೀಚೆಗೆ ಸ್ವಲ್ಪ ಮರೆವು," ಎಂದೆ.

ಅವನ ಸಮಾಧಾನಕ್ಕೆ ಹೇಳಿದ್ದು. ಆದರೆ ಯೋಚಿಸಿದರೆ ಅದರಲ್ಲಿ ನಿಜವಿಲ್ಲದೇ ಇಲ್ಲ. ಹೋದ ವಾರ ಹಾಲು ತರಲು ಮರೆತಿದ್ದಳು.

ಜುಲೈ 8, ಶನಿವಾರ

ಕ್ಲಬ್ಬಿನವರ ಮನೆಯ ಹೆಂಗಸರು ಇಬ್ಬರು ಬಂದು ಸರೋಜಿನಿಗೆಂದು ಹೂವು, ಬೇಕ್ ಮಾಡಿದ ಪಾಸ್ತಾ ಕೊಟ್ಟುಹೋದರು. ಅವಳ ಹತ್ತಿರ ಮಗುವಿನ ಜೊತೆ ಮಾತಾಡುವ ಹಾಗೆ ನಿಧಾನವಾಗಿ ಮಾತಾಡಿದರು.

"ನಂಗೆ ಮರೆವು ಅಂತ ಊರಿಗೆಲ್ಲ ಹೇಳಿದೀರಾ?" ಎಂದು ಕೇಳಿದಳು.

"ವಾಲ್ಟರ್ ಏನೋ ಹೇಳಿರಬೇಕು. ಒಳ್ಳೆ ಮನಸ್ಸಿಂದ ಮಾಡಿದ್ದಾರೆ, ಬಿಡು."

ಜಗಳವಾಡುತ್ತಾಳೆಂದು ಕಾದೆ, ಆಡಲಿಲ್ಲ. ಹೂವನ್ನು ನೀರಿಗಿಟ್ಟಳು. ಸ್ವಲ್ಪ ಹೊತ್ತಿನ ಮೇಲೆ ಬಂದು, "ಹೂವಿಗೆ ನೀರು ಹಾಕಿದ್ನಾ ನಾನು?" ಎಂದು ಕೇಳಿದಳು.

ಜುಲೈ 25, ಮಂಗಳವಾರ

ಲೈಬ್ರರಿಯಲ್ಲಿ ಮಕ್ಕಳ ಕಥೆಯ ಸೆಷನ್ ಬೇರೆಯವರಿಗೆ ಬಿಟ್ಟುಕೊಟ್ಟಳಂತೆ. "ಯಾವುದೋ ಮಗೂನ ಇನ್ಯಾರ ಹೆಸರಲ್ಲೋ ಕರೆದುಬಿಟ್ರೆ?" ಅಂದಳು. ಯಾವತ್ತಾದರೂ ಹಾಗೆ ಆಗಿದೆಯೇ ಎಂದು ಕೇಳಿದೆ. ಇಲ್ಲವಂತೆ. ಅವಳು ವಿಶ್ರಾಂತಿ ತೆಗೆದುಕೊಳ್ಳುವುದು ಒಳ್ಳೆಯದೇ.

ರಾಲಿ ಊರಿನ ಸಂಗ್ರಾಹಕನೊಬ್ಬ ಫೋನ್ ಮಾಡಿದ್ದ. ತನ್ನ ಬಂದೂಕಿನಲ್ಲೂ ಏನೋ ಗುರುತಿದೆಯಂತೆ, ನಾನೇ ನೋಡಿ ಹೇಳಬೇಕಂತೆ.

ಆಗಸ್ಟ್ 6, ಭಾನುವಾರ

ಅಡುಗೆಮನೆಯಿಂದ ಸರೋಜಿನಿ ಕರೆದಳು. ಸಾರು ಕುದಿಯುತ್ತಿತ್ತು. ಅವಳು ಒಲೆಯ ಮುಂದೆ ಸೌಟು ಹಿಡಿದು ಸುಮ್ಮನೆ ನಿಂತಿದ್ದಳು.

"ಏನ್ರೀ, ಉಪ್ಪು ಹಾಕಿದ್ನಾ? ಸ್ವಲ್ಪ ನೋಡಿ ಹೇಳಿ. ಹಾಕಿದ ಹಾಗೇ ಜ್ಞಾಪಕ. ಆದ್ರೆ ನನ್ನ ಜ್ಞಾಪಕ ಏನು ಹೇಳೋದು, ಬಾಯಿಗೆ ಹಾಕ್ಕೊಂಡ್ರೂ ಗ್ಯಾರಂಟಿ ಆಗ್ತಿಲ್ಲ."

ಅಂಗೈಗೆ ಒಂದು ತೊಟ್ಟು ಹಾಕಿದಳು. ನೆಕ್ಕಿ ನೋಡಿದೆ. ಉಪ್ಪು ಹದವಾಗಿತ್ತು. ಇಪ್ಪತ್ತಾರು ವರ್ಷದಿಂದ ಅವಳ ಸಾರಿನಲ್ಲಿ ಇದ್ದ ಹಾಗೆಯೇ ಇತ್ತು. ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹಾಕಿಲ್ಲ," ಎಂದೆ. ಯಾಕೆ ಹಾಗೆ ಅಂದೆನೋ.

"ನೋಡಿದ್ರಾ," ಎಂದು ಡಬ್ಬಿ ತೆಗೆದು ಮತ್ತೆ ಹಾಕಿದಳು.

ಊಟಕ್ಕೆ ಕೂತೆವು. ಸಾರು ಬಾಯಿಗಿಡಲು ಆಗುತ್ತಿರಲಿಲ್ಲ. ಸರೋಜಿನಿ ಮೊದಲ ತುತ್ತು ಬಾಯಿಗಿಟ್ಟು ತಡೆದಳು. ಮುಖ ಹಿಂಡಿತು. ನನ್ನ ಕಡೆ ನೋಡಿದಳು. ನಾನು ಕಲಸಿ ಉಣ್ಣುತ್ತಿದ್ದೆ. ಅವಳು ಕಷ್ಟಪಟ್ಟು ನುಂಗಿದಳು.

"ಈಗ ಸರಿ ಇದೆ ಅಲ್ವಾ?" ಎಂದು ಕೇಳಿದಳು.

ಹೂಂ ಎಂದೆ. ಇನ್ನೊಂದು ಸೌಟು ಬಡಿಸಿದಳು.